ಸಣ್ಣ ಎಸ್‌ಯುವಿ, ದೊಡ್ಡ ಲೆಕ್ಕ

ಮಕ್ಕಳೇ, ಮುಂದಿನ ವಾರ ಕನ್ನಡ ತರಗತಿ ಮುಗಿದ ಮೇಲೆ ನಮ್ಮ ಶಾಲೆಯ ಪಾರ್ಕಿಂಗ್ ಲಾಟ್‌ನಲ್ಲಿ ನಿಂತ ಗಾಡಿಗಳನ್ನು ಒಮ್ಮೆ ಎಣಿಸಿ ನೋಡಿ. ಸೆಡಾನ್‌ಗಳು ಕಡಿಮೆ. ಸ್ವಲ್ಪ ಎತ್ತರವಾಗಿದ್ದು, ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಗಾಡಿಗಳೇ ಜಾಸ್ತಿ. ಇವುಗಳಲ್ಲಿ ಚಿಕ್ಕವನ್ನು ಸ್ಮಾಲ್ ಕ್ರಾಸ್‌ಓವರ್ ಎಸ್‌ಯುವಿ ಅಂತ ಕರೆಯುತ್ತಾರೆ. ಒಂಬತ್ತನೇ, ಹತ್ತನೇ ಗ್ರೇಡಿನಲ್ಲಿರುವ ಮಕ್ಕಳ ಮನೆಗಳಲ್ಲಿ ಈಗ ಇದೇ ಮಾತು ನಡೆಯುತ್ತಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಹದಿನೈದೂವರೆ ವರ್ಷಕ್ಕೆ ಪರ್ಮಿಟ್, ಹದಿನಾರಕ್ಕೆ ಲೈಸೆನ್ಸ್. ಅಪ್ಪ-ಅಮ್ಮ ಈ ವರ್ಷ ಕೊಳ್ಳುವ ಗಾಡಿಯನ್ನು ಇನ್ನೆರಡು ವರ್ಷಕ್ಕೆ ಫ್ರೀವೇಗೆ ಹತ್ತಿಸುವವರು ನೀವೇ. ಅದಕ್ಕೆ ಸುರಿಯುವ ದುಡ್ಡೂ ನಿಮ್ಮ ಕಾಲೇಜಿಗೆ ಕೂಡಿಡುವ ಸಂಬಳದಿಂದಲೇ ಬರಬೇಕು. ಹಾಗಾಗಿ ಲೆಕ್ಕ ಹಾಕುವಾಗ ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಏಳನೇ ಗ್ರೇಡಿನ ಗಣಿತ ಸಾಕು.

ಉದಾಹರಣೆಗೆ 2025ರ ಐದು ಮಾಡೆಲ್‌ಗಳನ್ನು ತೆಗೆದುಕೊಳ್ಳೋಣ: ಷೆವ್ರೊಲೆ ಟ್ರ್ಯಾಕ್ಸ್, ಟೊಯೊಟಾ ಕೊರೊಲ್ಲಾ ಕ್ರಾಸ್, ಹೊಂಡಾ ಎಚ್‌ಆರ್-ವಿ, ಸುಬಾರು ಕ್ರಾಸ್‌ಟ್ರೆಕ್, ಮಾಜ್ದಾ ಸಿಎಕ್ಸ್-30. ಎಲೆಕ್ಟ್ರಿಕ್ ಗಾಡಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಅದರ ಲೆಕ್ಕವೇ ಬೇರೆ.

ಮೊದಲು ಒಂದು ಗುಟ್ಟು. ಇವು ಹೆಸರಿಗೆ ಎಸ್‌ಯುವಿ. ಹಳೆಯ ಕಾಲದ ಜೀಪಿನಲ್ಲಿ ಏಣಿಯಂಥ ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಾಡಿ. ಇವುಗಳಲ್ಲಿ ಹಾಗಿಲ್ಲ, ಮಾಮೂಲಿ ಕಾರಿನ ಅಡಿಪಾಯವನ್ನೇ ಸ್ವಲ್ಪ ಎತ್ತರಿಸಿರುತ್ತಾರೆ. ಎಚ್‌ಆರ್-ವಿ ಒಳಗೆ ಸಿವಿಕ್ ಇದೆ, ಕ್ರಾಸ್‌ಟ್ರೆಕ್ ಒಳಗೆ ಇಂಪ್ರೆಝಾ, ಸಿಎಕ್ಸ್-30 ಒಳಗೆ ಮಾಜ್ದಾ 3. ಕೊರೊಲ್ಲಾ ಕ್ರಾಸ್ ಅಂತೂ ಹೆಸರಲ್ಲೇ ಒಪ್ಪಿಕೊಂಡಿದೆ! ಹಾಗಾದರೆ ಜನ ಯಾಕೆ ಇದಕ್ಕೆ ಹೆಚ್ಚು ಕೊಡುತ್ತಾರೆ? ನಮ್ಮಂಥ ಮನೆಗಳಲ್ಲಿ ಉತ್ತರ ಸುಲಭ. ಊರಿಂದ ಆರು ತಿಂಗಳಿಗೆ ಅಂತ ಬಂದ ಅಜ್ಜಿ ತಗ್ಗಾದ ಸೆಡಾನ್‌ನಿಂದ ಏಳುವಾಗ ಮಂಡಿ ಹಿಡಿದುಕೊಳ್ಳುತ್ತಾರೆ. ಸೀಟು ಸೊಂಟದ ಮಟ್ಟಕ್ಕಿದ್ದರೆ ಕೂರುವುದೂ ಸಲೀಸು, ಇಳಿಯುವುದೂ ಸಲೀಸು.

ಈಗ ಎಂಜಿನ್ನಿಗೆ ಬರೋಣ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಹಾರ್ಸ್‌ಪವರ್, ನಮ್ಮ ವಿಜ್ಞಾನದ ಪುಸ್ತಕದ ಮಾತಿನಲ್ಲಿ ಅಶ್ವಶಕ್ತಿ. ಇದನ್ನು ಲೆಕ್ಕಕ್ಕೆ ತಂದವನು ಜೇಮ್ಸ್ ವಾಟ್. 550 ಪೌಂಡ್ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಅಡಿ ಮೇಲಕ್ಕೆತ್ತಿದರೆ ಅದು ಒಂದು ಎಚ್‌ಪಿ, ಸುಮಾರು 746 ವ್ಯಾಟ್. ಊರಲ್ಲಿ ಅಜ್ಜನ ತೋಟವಿದ್ದರೆ 5 ಎಚ್‌ಪಿ ಪಂಪ್‌ಸೆಟ್ ನೋಡಿರುತ್ತೀರಿ. ಟ್ರ್ಯಾಕ್ಸ್‌ನ ಎಂಜಿನ್ 137 ಎಚ್‌ಪಿ, ಅಂದರೆ ಅಂಥ ಇಪ್ಪತ್ತೇಳು ಪಂಪುಗಳು. ಈ ಐದರಲ್ಲಿ ಅದೇ ಅತಿ ಕಡಿಮೆ. ಕ್ರಾಸ್‌ಟ್ರೆಕ್‌ನ 2 ಲೀಟರ್ ಎಂಜಿನ್ 152, ಎಚ್‌ಆರ್-ವಿ 158, ಕೊರೊಲ್ಲಾ ಕ್ರಾಸ್ 169, ಸಿಎಕ್ಸ್-30 186.

ಹಾಗಾದರೆ ಟ್ರ್ಯಾಕ್ಸ್ ಎಲ್ಲಕ್ಕಿಂತ ಮಂದ, ಅಷ್ಟೇ ತಾನೇ? ಸ್ವಲ್ಪ ತಡೆಯಿರಿ.

ರಾಟೆ ಇರುವ ಬಾವಿಯನ್ನು ನೆನಪು ಮಾಡಿಕೊಳ್ಳಿ. ಒಬ್ಬರು ದೊಡ್ಡ ಕೊಡದಲ್ಲಿ ನಿಧಾನವಾಗಿ ಸೇದುತ್ತಾರೆ, ಇನ್ನೊಬ್ಬರು ಚಿಕ್ಕ ಚೊಂಬಿನಲ್ಲಿ ಸರಸರ ಸೇದುತ್ತಾರೆ. ಒಂದು ನಿಮಿಷಕ್ಕೆ ತೊಟ್ಟಿಗೆ ಬಿದ್ದ ನೀರು ಎಷ್ಟು ಅನ್ನುವುದು ಅಶ್ವಶಕ್ತಿ. ಕೊಡ ಎಷ್ಟು ದೊಡ್ಡದು ಅನ್ನುವುದು ಟಾರ್ಕ್, ಅಂದರೆ ತಿರುಚುವ ಬಲ. ನಿಮಿಷಕ್ಕೆ ಎಷ್ಟು ಸಲ ಸೇದಿದರು ಅನ್ನುವುದು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ, 5252ರಿಂದ ಭಾಗಿಸಿದರೆ ಎಚ್‌ಪಿ ಸಿಗುತ್ತೆ. 5252 ಎಲ್ಲಿಂದ ಬಂತು? ವಾಟ್‌ನ 550ನ್ನು 60 ಸೆಕೆಂಡಿಗೆ ಗುಣಿಸಿದರೆ 33,000, ಅದನ್ನು 2 ಪೈನಿಂದ ಭಾಗಿಸಿ. ಕ್ಯಾಲ್ಕ್ಯುಲೇಟರ್ ತೆಗೆದು ನೋಡಿಯೇ ಬಿಡಿ.

ಟ್ರ್ಯಾಕ್ಸ್‌ನದು 1.2 ಲೀಟರ್, ಮೂರೇ ಸಿಲಿಂಡರ್. ಆದರೆ ಅದಕ್ಕೆ ಟರ್ಬೋ ಇದೆ: ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಒಂದು ಪುಟ್ಟ ಫ್ಯಾನು ಎಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ. ಇದರಿಂದ 2,500 ಆರ್‌ಪಿಎಂಗೇ 162 ಪೌಂಡ್-ಅಡಿ ಟಾರ್ಕ್ ಬಂದುಬಿಡುತ್ತೆ. ಸೂತ್ರಕ್ಕೆ ಹಾಕಿ: ಆಗ ಸಿಗುವುದು 77 ಎಚ್‌ಪಿ. ಎಚ್‌ಆರ್-ವಿಯಲ್ಲಿ ಟರ್ಬೋ ಇಲ್ಲ. ಅದರ ಅತಿ ಹೆಚ್ಚಿನ ಟಾರ್ಕ್ 138, ಅದೂ 4,200 ಆರ್‌ಪಿಎಂಗೆ. 2,500ರಲ್ಲಿ ಅದಕ್ಕೆ 138 ಸಿಕ್ಕಿತು ಅಂತಲೇ ಒಪ್ಪಿಕೊಂಡರೂ 66 ಎಚ್‌ಪಿಗಿಂತ ಮೇಲೆ ಹೋಗಲ್ಲ. ಜಾಹೀರಾತಿನಲ್ಲಿ 21 ಎಚ್‌ಪಿ ಹಿಂದಿರುವ ಗಾಡಿ, ನಿಧಾನವಾಗಿ ತಿರುಗುವಾಗ 11 ಎಚ್‌ಪಿ ಮುಂದಿದೆ! ಎಚ್‌ಆರ್-ವಿಯ 158 ಸಿಗುವುದು 6,500 ಆರ್‌ಪಿಎಂನಲ್ಲಿ. ಪ್ರತಿದಿನ ಅಷ್ಟು ಸುತ್ತು ತಿರುಗಿಸುವವರು ನಮ್ಮಲ್ಲಿ ಯಾರು?

ಆದರೆ ಒಂದು ಕಡೆ ಅದು ಬೇಕಾಗುತ್ತೆ. ಫ್ರೀವೇ ಹತ್ತುವಲ್ಲಿ ಕೆಂಪು-ಹಸಿರು ಮೀಟರಿಂಗ್ ಲೈಟ್ ಇರುತ್ತದಲ್ಲ, ಅಲ್ಲಿ ಪೂರ್ತಿ ನಿಲ್ಲಿಸಿ, ಆಮೇಲೆ ಸ್ವಲ್ಪ ದೂರದಲ್ಲೇ ಅರವತ್ತು ಮೈಲಿ ವೇಗಕ್ಕೆ ಬರಬೇಕು. ಆಗ ಎಚ್‌ಆರ್-ವಿಯ ಸಿವಿಟಿ ಎಂಜಿನ್ನನ್ನು ನೇರವಾಗಿ ಮೇಲಿನ ಆರ್‌ಪಿಎಂಗೆ ಒಯ್ದು ಅಲ್ಲೇ ಹಿಡಿದಿಡುತ್ತೆ. ಸಿವಿಟಿಯಲ್ಲಿ ಒಂದು, ಎರಡು, ಮೂರು ಅನ್ನುವ ಗೇರು ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್, ಅಳತೆ ಜಾರುತ್ತಾ ಬದಲಾಗುತ್ತೆ. ಶಕ್ತಿ ಬರುತ್ತೆ, ಜೊತೆಗೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದಂಥ ಸದ್ದೂ ಬರುತ್ತೆ. ಕೊರೊಲ್ಲಾ ಕ್ರಾಸ್, ಕ್ರಾಸ್‌ಟ್ರೆಕ್‌ಗಳಲ್ಲೂ ಸಿವಿಟಿಯೇ. ಟ್ರ್ಯಾಕ್ಸ್ ಮತ್ತು ಸಿಎಕ್ಸ್-30ರಲ್ಲಿ ಆರು ಗೇರಿನ ಆಟೊಮ್ಯಾಟಿಕ್. ಸದ್ದು ಕೇಳಿ ಕಾರು ಕೆಟ್ಟಿದೆ ಅಂತ ಹೆದರಬೇಡಿ, ಕಾಲನ್ನು ಅರ್ಧಕ್ಕೇ ಎತ್ತಬೇಡಿ. ಹೊಸದಾಗಿ ಕಲಿಯುವವರು ರ‍್ಯಾಂಪಿನಲ್ಲಿ ಹೆದರಿ ನಿಧಾನ ಮಾಡಿದರೆ ಹಿಂದಿನವರಿಗೂ ಅಪಾಯ.

ಹಾಗಂತ ಅತಿ ಶಕ್ತಿಯೂ ಬೇಡ. ಸುರಕ್ಷತೆಯ ಪರೀಕ್ಷೆ ಮಾಡುವ ಐಐಎಚ್‌ಎಸ್ ಸಂಸ್ಥೆ ಹದಿಹರೆಯದವರಿಗೆ ಹೆಚ್ಚು ಹಾರ್ಸ್‌ಪವರ್‌ನ ಗಾಡಿ ಬೇಡ ಅಂತಲೇ ಹೇಳುತ್ತೆ. ಸಿಎಕ್ಸ್-30ರಲ್ಲಿ 250 ಎಚ್‌ಪಿಯ ಟರ್ಬೋ ಕೂಡ ಸಿಗುತ್ತೆ. ಅಣ್ಣಂದಿರೇ, ಆಸೆಪಡುವ ಮುಂಚೆ ಸಣ್ಣ ಅಕ್ಷರ ಓದಿ: ಆ 250 ಬರುವುದು 93 ಆಕ್ಟೇನ್ ಪೆಟ್ರೋಲಿಗೆ, ಮಾಮೂಲಿ 87ಕ್ಕೆ 227. ನಮ್ಮ ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಪ್ರೀಮಿಯಂ ಅಂತ ಮಾರುವುದೇ 91! ದುಡ್ಡು ಕೊಟ್ಟರೂ ಪೂರ್ತಿ ಕುದುರೆ ಸಿಗಲ್ಲ.

ಇನ್ನು ಬೆಲೆ. ಟ್ರ್ಯಾಕ್ಸ್ ಸುಮಾರು 20,500 ಡಾಲರಿನಿಂದ ಶುರು, ಉಳಿದ ನಾಲ್ಕೂ 24,000ದಿಂದ 26,000ದ ಆಸುಪಾಸಿನಲ್ಲಿ ಶುರು. ಜಾಹೀರಾತಿನ ಈ ಬೆಲೆಗೆ ಗಾಡಿ ಮನೆಗೆ ಬರಲ್ಲ. ಕಾರ್ಖಾನೆಯಿಂದ ಅಂಗಡಿಗೆ ತರುವ ಡೆಸ್ಟಿನೇಶನ್ ಚಾರ್ಜ್ ಒಂದೇ ಸಾವಿರ ಡಾಲರ್ ದಾಟುತ್ತೆ. ಸೇಲ್ಸ್ ಟ್ಯಾಕ್ಸ್ ಈ ರಾಜ್ಯದಲ್ಲಿ ಕನಿಷ್ಠ ಶೇ. 7.25, ಬೇ ಏರಿಯಾದ ಬಹುತೇಕ ಊರುಗಳಲ್ಲಿ ಇನ್ನೂ ಜಾಸ್ತಿ. ಹೊಸ ಕಾರಿನ ಕಿಟಕಿಗೆ ಅಂಟಿಸಿದ ಚೀಟಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಅದು 1958ರ ಕಾನೂನಿನಿಂದ ಬಂದದ್ದು, ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಅವರ ಹೆಸರಿನಲ್ಲೇ ಅದನ್ನು ಮನ್ರೋನಿ ಸ್ಟಿಕರ್ ಅನ್ನುತ್ತಾರೆ. ಅದಕ್ಕೆ ಮುಂಚೆ ಕಾರಿನ ನಿಜವಾದ ಬೆಲೆ ಎಷ್ಟು ಅಂತ ಗಿರಾಕಿಗೆ ತಿಳಿಯುವುದೇ ಕಷ್ಟವಿತ್ತು.

ಈಗ ಪಾಲಕರಿಗೆ ಒಂದು ಮಾತು. ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ “ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?” ಅಂತ. ಉತ್ತರ ಕೊಡಬೇಡಿ. 28,000 ಡಾಲರ್ ಸಾಲ, ಶೇ. 7 ಬಡ್ಡಿ ಅಂತಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕಾದರೆ ತಿಂಗಳಿಗೆ ಸುಮಾರು 670, ಆರು ವರ್ಷಕ್ಕಾದರೆ 477. ಎರಡನೆಯದು ಹಗುರ ಅನ್ನಿಸುತ್ತೆ ಅಲ್ವಾ? ಒಟ್ಟು ಬಡ್ಡಿ ನೋಡಿ: ನಾಲ್ಕು ವರ್ಷಕ್ಕೆ ಸುಮಾರು 4,200, ಆರು ವರ್ಷಕ್ಕೆ 6,400. ಮೇಲಿನ ಟ್ರಿಮ್, ಸನ್‌ರೂಫ್, ಎಕ್ಸ್‌ಟೆಂಡೆಡ್ ವಾರಂಟಿ ಎಲ್ಲವೂ “ತಿಂಗಳಿಗೆ ಬರೀ ಇಪ್ಪತ್ತು ಡಾಲರ್” ಅಂತಲೇ ಒಳಗೆ ನುಸುಳುವುದು. ತೆರಿಗೆ, ಶುಲ್ಕ ಎಲ್ಲ ಸೇರಿ ಬಾಗಿಲು ದಾಟುವ ಬೆಲೆ ಎಷ್ಟು ಅಂತ ಬರವಣಿಗೆಯಲ್ಲಿ ತೆಗೆದುಕೊಂಡ ಮೇಲೆಯೇ ಸಾಲದ ಮಾತು.

ಮೈಲೇಜಿನ ಲೆಕ್ಕದಲ್ಲಿ ದೊಡ್ಡವರೂ ಜಾರುತ್ತಾರೆ. ಗ್ಯಾಲನ್ನಿಗೆ 20 ಮೈಲಿ ಕೊಡುವ ಹಳೆಯ ವ್ಯಾನ್ ಬಿಟ್ಟು 25 ಕೊಡುವುದನ್ನು ಕೊಂಡರೆ ಹೆಚ್ಚು ಉಳಿಯುತ್ತದೋ, 32 ಕೊಡುವುದನ್ನು ಬಿಟ್ಟು 42 ಕೊಡುವುದನ್ನು ಕೊಂಡರೋ? ವರ್ಷಕ್ಕೆ 12,000 ಮೈಲಿ ಓಡಿಸಿದರೆ ಮೊದಲನೆಯದರಲ್ಲಿ 120 ಗ್ಯಾಲನ್ ಉಳಿತಾಯ, ಎರಡನೆಯದರಲ್ಲಿ ಬರೀ 89. ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನುವುದಕ್ಕಿಂತ ನೂರು ಮೈಲಿಗೆ ಎಷ್ಟು ಗ್ಯಾಲನ್ ಅಂತ ಕೇಳಿದರೆ ಈ ಮೋಸ ಆಗಲ್ಲ. ಕಿಟಕಿಯ ಚೀಟಿಯಲ್ಲಿ ಅದನ್ನೂ ಸಣ್ಣದಾಗಿ ಬರೆದಿರುತ್ತಾರೆ.

ಐದರಲ್ಲಿ ಮಾಮೂಲಿ ಕೊರೊಲ್ಲಾ ಕ್ರಾಸ್ 32 ಕೊಡುತ್ತೆ, ಟ್ರ್ಯಾಕ್ಸ್ 30, ಕ್ರಾಸ್‌ಟ್ರೆಕ್ ಮತ್ತು ಸಿಎಕ್ಸ್-30 ತಲಾ 29, ಎಚ್‌ಆರ್-ವಿ 28. ಕೊರೊಲ್ಲಾ ಕ್ರಾಸ್‌ನಲ್ಲಿ ಹೈಬ್ರಿಡ್ ಕೂಡ ಉಂಟು: 42 ಮೈಲಿ, 196 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಶಕ್ತಿ. ಅದರಲ್ಲಿ ಒಂದು ತಮಾಷೆ ಇದೆ. ಊರೊಳಗೆ 45, ಹೈವೇಯಲ್ಲಿ 38. ಬೇರೆ ಕಾರುಗಳಿಗೆ ಪೂರ್ತಿ ಉಲ್ಟಾ! ಬ್ರೇಕ್ ಹಾಕಿದಾಗ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಷ್ಟನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತೆ. ಹೈವೇಯಲ್ಲಿ ಬ್ರೇಕೇ ಹಾಕದಿದ್ದರೆ ತುಂಬಿಕೊಳ್ಳುವುದೇನು? ಇದು ಲಾಭವೋ ಅಂತ ನೋಡೋಣ. ಮಾಮೂಲಿ ಎಂಜಿನ್ನಿನ ಆಲ್ ವೀಲ್ ಡ್ರೈವ್ ಕೊರೊಲ್ಲಾ ಕ್ರಾಸ್ 30 ಕೊಡುತ್ತೆ. ಹೈಬ್ರಿಡ್‌ಗೆ 3,000 ಡಾಲರ್ ಹೆಚ್ಚು ಕೊಟ್ಟಿರಿ, ಪೆಟ್ರೋಲು ನಾಲ್ಕೂವರೆ ಡಾಲರ್ ಅಂತಿಟ್ಟುಕೊಳ್ಳಿ. ವರ್ಷಕ್ಕೆ 12,000 ಮೈಲಿಯಾದರೆ 114 ಗ್ಯಾಲನ್, ಅಂದರೆ ಐನೂರು ಚಿಲ್ಲರೆ ಡಾಲರ್ ಉಳಿತಾಯ. ಕೊಟ್ಟದ್ದು ಸುಮಾರು ಆರು ವರ್ಷಕ್ಕೆ ವಾಪಸ್. ಮನೆಯಿಂದಲೇ ಕೆಲಸ ಮಾಡುವವರು 5,000 ಮೈಲಿಯಷ್ಟೇ ಓಡಿಸಿದರೆ ಹದಿನಾಲ್ಕು ವರ್ಷ ಬೇಕು. ಒಂದೇ ಗಾಡಿ, ಒಂದು ಮನೆಗೆ ಲಾಭ, ಪಕ್ಕದ ಮನೆಗೆ ನಷ್ಟ.

ಆಲ್ ವೀಲ್ ಡ್ರೈವ್ ಕ್ರಾಸ್‌ಟ್ರೆಕ್, ಸಿಎಕ್ಸ್-30ರಲ್ಲಿ ಎಲ್ಲ ಮಾಡೆಲ್ಲಿಗೂ ಬರುತ್ತೆ, ಟ್ರ್ಯಾಕ್ಸ್‌ನಲ್ಲಿ ದುಡ್ಡು ಕೊಟ್ಟರೂ ಇಲ್ಲ. ಚಳಿಗಾಲದಲ್ಲಿ ಲೇಕ್ ಟಾಹೋಗೆ ಹೋಗುವವರು ಒಂದು ವಿಷಯ ತಿಳಿದಿರಿ: ನಾಲ್ಕು ಚಕ್ರಕ್ಕೆ ಶಕ್ತಿ ಇದ್ದರೆ ಹಿಮದಲ್ಲಿ ಹೊರಡುವುದು ಸುಲಭವಾಗುತ್ತೆ, ನಿಲ್ಲುವುದು ಸುಲಭವಾಗಲ್ಲ. ನಿಲ್ಲಿಸುವುದು ಟೈರು ಮತ್ತು ಬ್ರೇಕು. ಚೈನ್ ಕಂಟ್ರೋಲ್ ಇರುವ ಕಡೆ ಆಲ್ ವೀಲ್ ಡ್ರೈವ್ ಇದ್ದರೂ ಚೈನನ್ನು ಗಾಡಿಯಲ್ಲಿ ಇಟ್ಟುಕೊಂಡಿರಲೇಬೇಕು. ವರ್ಷಕ್ಕೊಮ್ಮೆ ಹಿಮ ನೋಡುವವರಿಗೆ ಅದು ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ.

ಬೆಲೆಯ ಕೊನೆಯ ತುಂಡು, ಮಾರುವಾಗ ವಾಪಸ್ ಬರುವುದು. ಒಂದು ಗಾಡಿ 22,000ಕ್ಕೆ ಕೊಂಡು ಐದು ವರ್ಷದ ಮೇಲೆ 10,000ಕ್ಕೆ ಹೋಯಿತು ಅನ್ನಿ, ಇನ್ನೊಂದು 27,000ಕ್ಕೆ ಕೊಂಡು 16,000ಕ್ಕೆ ಹೋಯಿತು. ಕಡಿಮೆ ಖರ್ಚಾದದ್ದು ಎರಡನೆಯದಕ್ಕೆ! ಟೊಯೊಟಾ, ಹೊಂಡಾ, ಸುಬಾರು ಗಾಡಿಗಳಿಗೆ ಹಳೆಯದಾದ ಮೇಲೂ ಒಳ್ಳೆಯ ಬೆಲೆ ಬರುತ್ತೆ ಅನ್ನುವುದು ಇದಕ್ಕೇ ಮುಖ್ಯ. ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನ ಇಲ್ಲ ಬಿಡಿ.

ಬೇಸಿಗೆ ರಜೆಗೆ ಊರಿಗೆ ಹೋದಾಗ ಟೇಪು ಹಿಡಿದು ಮಾವನ ಕಾರನ್ನು ಅಳೆದು ನೋಡಿ. ಭಾರತದಲ್ಲಿ ನಾಲ್ಕು ಮೀಟರಿಗಿಂತ ಉದ್ದದ ಕಾರಿಗೆ ತೆರಿಗೆ ಹೆಚ್ಚು. ಅದಕ್ಕೇ ಅಲ್ಲಿ ಎಷ್ಟೋ ಗಾಡಿಗಳು ಆ ಗೆರೆಯೊಳಗೇ ಮುಗಿಯುತ್ತವೆ. ಇಲ್ಲಿ ನಾವು ಸಣ್ಣದು ಅನ್ನುವ ಎಚ್‌ಆರ್-ವಿ ನಾಲ್ಕೂವರೆ ಮೀಟರಿಗಿಂತ ಉದ್ದ. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಹೈರೈಡರ್‌ನಲ್ಲೂ ಹೈಬ್ರಿಡ್ ಇದೆ, ಆದರೆ ಎಂಜಿನ್ 1.5 ಲೀಟರ್. ರಸ್ತೆ, ತೆರಿಗೆ, ಪೆಟ್ರೋಲಿನ ಬೆಲೆ ಬದಲಾದರೆ ಕಾರೂ ಬದಲಾಗುತ್ತೆ.

ಹಾಗಾದರೆ ಯಾವುದು, ಅಂಕಲ್? ಅಂತ ಕೇಳುತ್ತೀರಿ. ಬಜೆಟ್ ಬಿಗಿಯಾಗಿದ್ದರೆ ಟ್ರ್ಯಾಕ್ಸ್‌ಗೆ ನಾಚಿಕೆಪಡಬೇಕಿಲ್ಲ. ಅಜ್ಜ-ಅಜ್ಜಿ ಹಿಂದಿನ ಸೀಟಿನಲ್ಲಿ ಲಿವರ್‌ಮೋರ್ ದೇವಸ್ಥಾನಕ್ಕೆ ಬರುವ ಮನೆಯಾದರೆ ಎಚ್‌ಆರ್-ವಿಯಲ್ಲಿ ಕಾಲು ಚಾಚಲು ಜಾಗ ಚೆನ್ನಾಗಿದೆ. ಸಿಎಕ್ಸ್-30 ಓಡಿಸಲು ಖುಷಿ, ಹಿಂದೆ ಇಕ್ಕಟ್ಟು. ಗುಡ್ಡ, ಹಿಮ, ಕ್ಯಾಂಪಿಂಗ್ ಅಂತ ಓಡಾಡುವವರಿಗೆ ಕ್ರಾಸ್‌ಟ್ರೆಕ್, ಆದರೆ 182 ಎಚ್‌ಪಿಯ 2.5 ಲೀಟರ್ ಎಂಜಿನ್ನಿನದು. ದಿನವೂ ಊರೊಳಗೇ ಬಹಳ ಓಡಾಟವಿದ್ದರೆ ಕೊರೊಲ್ಲಾ ಕ್ರಾಸ್ ಹೈಬ್ರಿಡ್. ಮುಂದಿನ ಗಾಡಿಗೆ ಗುದ್ದುವ ಮುಂಚೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಐದರಲ್ಲೂ ಬರುತ್ತೆ. ಪಕ್ಕದ ಲೇನಿನಲ್ಲಿ ಕಣ್ಣಿಗೆ ಬೀಳದ ಗಾಡಿಯನ್ನು ತೋರಿಸುವ ಬ್ಲೈಂಡ್ ಸ್ಪಾಟ್ ದೀಪ ಮಾತ್ರ ಎಲ್ಲದರ ಕೆಳಗಿನ ಟ್ರಿಮ್‌ನಲ್ಲಿ ಇರಲ್ಲ. ಹೊಸದಾಗಿ ಓಡಿಸುವ ಮಕ್ಕಳಿರುವ ಮನೆಯಲ್ಲಿ ಸನ್‌ರೂಫ್ ಬಿಟ್ಟಾದರೂ ಅದನ್ನು ಕೇಳಿ ತೆಗೆದುಕೊಳ್ಳಿ.

ಟೆಸ್ಟ್ ಡ್ರೈವಿಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ. ಊರಿಗೆ ಒಯ್ಯುವ ಎರಡು ದೊಡ್ಡ ಸೂಟ್‌ಕೇಸ್ ಡಿಕ್ಕಿಯಲ್ಲಿ ಹಿಡಿಯುತ್ತವೋ ಇಟ್ಟು ನೋಡಿ. ಆಮೇಲೆ ಮೀಟರಿಂಗ್ ಲೈಟ್ ಇರುವ ರ‍್ಯಾಂಪಿಗೇ ಹೋಗಿ. ಅಪ್ಪ ಓಡಿಸುತ್ತಿರುವಾಗ ನೀವು ಪಕ್ಕದಲ್ಲಿ ಕೂತು ಆರ್‌ಪಿಎಂ ಮುಳ್ಳು ಎಲ್ಲಿಗೆ ಹೋಯಿತು ಅಂತ ಬರೆದುಕೊಳ್ಳಿ.