ಆಪರೇಷನ್‌ಗೆ ಮುಂಚೆ ಬಾಯಿಬಿಟ್ಟು ಹೇಳಿ

"ಬೇರೆ ಏನಾದ್ರೂ ಕಾಯಿಲೆ ಇದೆಯಾ?" ಆಸ್ಪತ್ರೆಯಲ್ಲಿ ಫಾರಂ ತುಂಬುತ್ತಾ ನರ್ಸ್ ಕೇಳಿದರು. ನನ್ನ ಗೆಳತಿಯ 9 ವರ್ಷದ ಮಗ ಬಿದ್ದು ಮೊಣಕೈ ಮುರಿದುಕೊಂಡಿದ್ದ. "ಏನೂ ಇಲ್ಲಮ್ಮ" ಅಂತ ಗೆಳತಿಯ ತಾಯಿ ಥಟ್ಟನೆ ಹೇಳಿಬಿಟ್ಟರು.

ಆದರೆ ಹುಡುಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇತ್ತು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಕಾಯಿಲೆ ಇದು. ಎಷ್ಟೋ ಸಲ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಆಗ ಗೆಳತಿಯ ತಂಗಿಗೆ ಗಂಡು ನೋಡುತ್ತಿದ್ದರು. ನಾಲ್ಕು ಜನರಿಗೆ ತಿಳಿದರೆ ಹೇಗೆ ಅನ್ನೋ ಭಯ ಅಜ್ಜಿಗೆ.

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಗೆಳತಿಗೆ ತಡೆಯಲಾಗಲಿಲ್ಲ. ಅರಿವಳಿಕೆ ತಜ್ಞರಿಗೆ ಎಲ್ಲ ಹೇಳಿಬಿಟ್ಟಳು. ಅವರು ಸ್ಟ್ರೆಚರ್ ಅಲ್ಲೇ ನಿಲ್ಲಿಸಿದರು. ಹೃದಯದ ಪರೀಕ್ಷೆ ಮಾಡಿಸಿ, ಔಷಧಿ ಬದಲಾಯಿಸಿ, ಮರುದಿನ ಆಪರೇಷನ್ ಮಾಡಿದರು. ಹುಡುಗ ಕ್ಷೇಮವಾಗಿ ಮನೆಗೆ ಬಂದ.

ಹೇಳದಿದ್ದರೆ ಏನಾಗ್ತಿತ್ತು? ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಇಂಜೆಕ್ಷನ್ ಇಂಥ ಮಕ್ಕಳಲ್ಲಿ ಸ್ನಾಯುವಿನ ಪೊಟ್ಯಾಸಿಯಂ ಅನ್ನು ಒಮ್ಮೆಲೇ ರಕ್ತಕ್ಕೆ ನುಗ್ಗಿಸಬಹುದು. ಆಗ ಹೃದಯವೇ ನಿಂತುಹೋಗಬಹುದು. ಕಾಯಿಲೆ ಇನ್ನೂ ಪತ್ತೆಯಾಗದ ಹುಡುಗರಲ್ಲೂ ಹೀಗಾದದ್ದರಿಂದ, 1990ರ ದಶಕದಲ್ಲೇ ಅಮೆರಿಕದಲ್ಲಿ ಈ ಔಷಧಿಗೆ ವಿಶೇಷ ಎಚ್ಚರಿಕೆ ಸೇರಿಸಲಾಯಿತು. ಮೂಗಿಗೆ ಹಿಡಿಯುವ ಅರಿವಳಿಕೆ ಗ್ಯಾಸ್‌ಗಳಿಂದಲೂ ಅಪಾಯವಿರುವುದರಿಂದ, ಸಾಮಾನ್ಯವಾಗಿ ರಕ್ತನಾಳದ ಮೂಲಕ ಪ್ರೊಪೊಫಾಲ್‌ನಂಥ ಔಷಧಿ ಕೊಡುತ್ತಾರೆ.

ಇದು ಮಕ್ಕಳ ಮಾತಷ್ಟೇ ಅಲ್ಲ. ರೆಪ್ಪೆ ಜೋಲುವ, ಸಂಜೆ ಹೊತ್ತಿಗೆ ಸುಸ್ತು ಹೆಚ್ಚುವ ಮಯಸ್ತೇನಿಯಾ ಗ್ರಾವಿಸ್ ಹೆಂಗಸರಲ್ಲೂ ಕಾಣಿಸುತ್ತದೆ. ಇವರಿಗೆ ಕೆಲವು ಸ್ನಾಯು ಸಡಿಲಿಸುವ ಔಷಧಿಗಳು ಸ್ವಲ್ಪ ಕೊಟ್ಟರೂ ಜಾಸ್ತಿಯೇ. ಕೆಲವು ಆಂಟಿಬಯೋಟಿಕ್‌ಗಳೂ ಆಗಿಬರುವುದಿಲ್ಲ. ಇನ್ನು ನಿದ್ದೆ ಮಾತ್ರೆ, ಮಂಪರಿನ ಔಷಧಿಗಳು ಉಸಿರಾಟವನ್ನು ನಿಧಾನಿಸುತ್ತವೆ. ಎದೆಯ ಸ್ನಾಯು ಮೊದಲೇ ಸೋತಿದ್ದರೆ ಅದು ದೊಡ್ಡ ಹೊರೆ.

ಹಾಗಾಗಿ ನೀವು ಇಷ್ಟು ಮಾಡಿ:

* ಕಾಯಿಲೆಯ ಹೆಸರು, ಔಷಧಿಗಳು, ನರರೋಗ ತಜ್ಞರ ಫೋನ್ ನಂಬರ್ ಬರೆದ ಚೀಟಿ ಸದಾ ಪರ್ಸ್‌ನಲ್ಲಿರಲಿ. ಶಾಲೆಯ ಬ್ಯಾಗಿನಲ್ಲೂ ಒಂದಿರಲಿ.

* ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರನ್ನು ನೀವೇ ಕೇಳಿ ಭೇಟಿ ಮಾಡಿ. ಹೃದಯ, ಶ್ವಾಸಕೋಶದ ಪರೀಕ್ಷೆ ಬೇಕೇ ಅಂತ ವಿಚಾರಿಸಿ.

* ಎಂಡೋಸ್ಕೋಪಿ, ಸ್ಕ್ಯಾನಿಂಗ್, ಹಲ್ಲು ಕೀಳಿಸೋದು ಯಾವುದೇ ಇರಲಿ, ಮಂಪರು ಕೊಡ್ತಾರಾ ಕೇಳಿ. "ಚಿಕ್ಕದು ತಾನೇ" ಅನ್ನಬೇಡಿ.

* ರಾತ್ರಿ ಉಸಿರಾಟಕ್ಕೆ ಮೆಷಿನ್ ಬಳಸುತ್ತಿದ್ದರೆ ಆಸ್ಪತ್ರೆಗೆ ಜೊತೆಗೇ ಒಯ್ಯಿರಿ. ಆಪರೇಷನ್ ನಂತರ ಬರೀ ಆಕ್ಸಿಜನ್ ಸಾಲದೇ ಹೋಗಬಹುದು.

* ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

* ನಿದ್ದೆ ಬರಲಿಲ್ಲ ಅಂತ ಪಕ್ಕದ ಮನೆಯವರ ಮಾತ್ರೆ ಕೊಡಲೇಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಈ ಕಾಯಿಲೆಗಳ ತಜ್ಞರಿದ್ದಾರೆ. ಆಪರೇಷನ್ ಅಂದರೆ ಹೆದರಬೇಕಾಗಿಲ್ಲ, ಮೊದಲೇ ತಿಳಿದಿದ್ದರೆ ವೈದ್ಯರು ತಯಾರಿ ಮಾಡಿಕೊಳ್ಳುತ್ತಾರೆ.

ಅಂದಹಾಗೆ, ಗೆಳತಿಯ ತಂಗಿ ಈಗ ತಾನೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. "ಮುಚ್ಚಿಟ್ಟು ಮದುವೆಯಾಗೋದಕ್ಕಿಂತ ತಿಳ್ಕೊಂಡು ಆಗೋದು ವಾಸಿ" ಅಂದಳಂತೆ. ಅಜ್ಜಿ ಮಾತಾಡಲಿಲ್ಲ. ಆದರೆ ಮೊಮ್ಮಗನ ಬ್ಯಾಗಿಗೆ ಚೀಟಿ ಹಾಕಿದ್ದು ಅವರೇ.