ಗುರಿ ಕಲಿಯುವವರಿಗೆ ಯಾವ ಕೋವಿ?

ಕೋವಿ ಎಂದೊಡನೆ ನಮ್ಮಲ್ಲಿ ಬೇಟೆಯ ಮಾತೋ ಪೋಲೀಸರ ಮಾತೋ ಬರುವುದು ವಾಡಿಕೆ. ಮೂರನೆಯದೊಂದಿದೆ: ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಹೊಡೆಯುವ ಆಟ. ಕೋಲಾರದ ಚಿನ್ನದ ಗಣಿಗೆ ಇದು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ರೈಫಲ್ ವಾಲಂಟಿಯರ್ ದಳವೇ ಇತ್ತು. ಗಣಿಗೆ ಇಳಿಯುತ್ತಿದ್ದ ನನ್ನ ಮುತ್ತಜ್ಜನ ಕೈಗೆ ಆ ಕೋವಿ ಬರಲಿಲ್ಲ; ನನ್ನ ಕೈಗೆ ಬಂದದ್ದು ಕಾಲೇಜಿನ ಎನ್.ಸಿ.ಸಿ.ಯ .22 ರೈಫಲ್. ಈ ವರ್ಷ ಬಿ.ಎ. ಮುಗಿದರೆ ಅದೂ ಆಯುಧಾಗಾರಕ್ಕೆ ಹಿಂದಿರುಗುತ್ತದೆ. ಕಲಿತ ಗುರಿಯನ್ನು ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳುವುದು ಹೇಗೆಂಬ ಚಿಂತೆಯೇ ಈ ಲೇಖನಕ್ಕೆ ಕಾರಣ.

.22 ತೋಟಾ ‘ರಿಮ್‌ಫೈರ್’ ಜಾತಿಯದು. ದೊಡ್ಡ ರೈಫಲ್ಲಿನ ತೋಟಾದ ತಳದ ನಡುವೆ ಸಿಡಿಮದ್ದಿನ ಪುಟ್ಟ ಟೋಪಿ ಬೇರೆಯಾಗಿ ಕೂತಿರುತ್ತದೆ. ಇದರಲ್ಲಿ ಟೋಪಿಯಿಲ್ಲ, ಹಿತ್ತಾಳೆಯ ತಳದ ಅಂಚನ್ನು ಮಡಿಸಿ, ಆ ಟೊಳ್ಳಿನಲ್ಲೇ ಸಿಡಿಮದ್ದನ್ನು ತುಂಬಿರುತ್ತಾರೆ. ಕೋವಿಯ ಮೊಳೆ ಅಂಚಿಗೆ ಬಡಿದರೆ ಸಾಕು, ಹತ್ತಿಕೊಳ್ಳುತ್ತದೆ. ಅಂಚು ತೆಳ್ಳಗಿರಬೇಕಾದ್ದರಿಂದ ಹೆಚ್ಚಿನ ಒತ್ತಡವನ್ನು ತಾಳದು. ಆದಕಾರಣ ಮದ್ದು ಕಡಿಮೆ, ಹೆಗಲಿಗೆ ಒದೆತ ಕಡಿಮೆ, ಬೆಲೆಯೂ ಕಡಿಮೆ. 1887ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘.22 ಲಾಂಗ್ ರೈಫಲ್’ ತೋಟಾ ಇಂದಿಗೂ ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಯಲ್ಲಿದೆ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲೇ. ಆಗ ಅವರು ರೈಲ್ವೆಯ ಟಿಕೆಟ್ ಪರೀಕ್ಷಕರಾಗಿದ್ದರೆಂಬುದು, ಬಂಗಾರಪೇಟೆ–ಮಾರಿಕುಪ್ಪಂ ರೈಲಿನಲ್ಲಿ ದಿನವೂ ಓಡಾಡುವ ನನಗೆ ಬಹಳ ಹಿತವೆನಿಸಿದ ಸಂಗತಿ.

ಕೋವಿ ಕೊಳ್ಳುವವರು ಸಾಮಾನ್ಯವಾಗಿ ಕೋವಿಯ ಬೆಲೆ ಕೇಳುತ್ತಾರೆ. ಕೇಳಬೇಕಾದದ್ದು ಗುಂಡಿನ ಬೆಲೆ. ಕೋವಿಯನ್ನು ಕೊಳ್ಳುವುದು ಒಂದು ಸಲ, ಗುಂಡನ್ನು ಸಾವಿರ ಸಲ. ಅಭ್ಯಾಸಕ್ಕೆ ಬೋಲ್ಟ್ ಎಳೆದು ಒಂದೊಂದೇ ತೋಟಾ ಏರಿಸುವ ಕೋವಿ ಲೇಸು. ತಾನೇ ತುಂಬಿಕೊಳ್ಳುವ ಕೋವಿ ಕೈಗೆ ಅವಸರ ಕಲಿಸುತ್ತದೆ, ಪೆಟ್ಟಿಗೆಯೂ ಬೇಗ ಬರಿದಾಗುತ್ತದೆ. ತೂಕ ಸ್ವಲ್ಪ ಹೆಚ್ಚಿದ್ದರೆ ನಳಿಗೆಯ ನಡುಕ ಕಡಿಮೆ. ಅತಿವೇಗದ ತೋಟಾ ಬೇಡ. ಶಬ್ದದ ವೇಗವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ಆ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತದೆ; ಮೊದಲೇ ಸೆಕೆಂಡಿಗೆ ಸುಮಾರು 330 ಮೀಟರಿನಂತೆ ಹೊರಡುವವು ಕಾಗದದ ಮೇಲೆ ಹೆಚ್ಚು ಒತ್ತಾಗಿ ಬೀಳುತ್ತವೆ. ತೋಟಾ ಇಲ್ಲದೆ ಕುದುರೆ ಎಳೆಯುವ ಅಭ್ಯಾಸ .22ರಲ್ಲಿ ಸಲ್ಲದು: ಮೊಳೆ ಬರಿಯ ಉಕ್ಕಿಗೆ ಬಡಿದು ಹಾಳಾದೀತು.

ಇಷ್ಟೆಲ್ಲ ತಿಳಿದರೂ ನಾವು ಅಂಗಡಿಗೆ ಹೋಗಿ .22 ಕೊಳ್ಳುವಂತಿಲ್ಲ. 1959ರ ಆಯುಧ ಕಾಯಿದೆಯಂತೆ ಲೈಸೆನ್ಸ್ ಬೇಕು, ಅದಕ್ಕೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ನನಗೆ ಇಪ್ಪತ್ತು. ವಯಸ್ಸು ತುಂಬಿದ ಮೇಲೂ ಲೈಸೆನ್ಸು, ಕೋವಿ, ತೋಟಾ ಎಂದು ನಮ್ಮ ತಂದೆಯ ಮುಂದೆ ಲೆಕ್ಕ ಇಡುವ ಧೈರ್ಯ ನನಗಿಲ್ಲ. ಅಷ್ಟರಲ್ಲಿ ತಂಗಿಯ ಕಾಲೇಜು ಫೀಜು ಆಗಿಹೋಗುತ್ತದೆ.

ಹಾಗಾದರೆ ಉಳಿದದ್ದು ಗಾಳಿಕೋವಿ. .177 ಅಳತೆಯದಾಗಿದ್ದು ಶಕ್ತಿ 20 ಜೂಲ್ ಮೀರದಿದ್ದರೆ, 2016ರ ಆಯುಧ ನಿಯಮಗಳಂತೆ ಲೈಸೆನ್ಸ್ ಬೇಡ. ಒಂದು .22 ತೋಟಾದ ಬೆಲೆಗೆ ಸೀಸದ ಹಲವಾರು ಪೆಲೆಟ್ ಸಿಗುತ್ತವೆ. ಇದನ್ನು ಮಕ್ಕಳ ಆಟಿಕೆಯೆಂದು ನಗುವವರಿದ್ದಾರೆ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ತಂದದ್ದು 10 ಮೀಟರ್ ಗಾಳಿಕೋವಿಯಿಂದಲೇ. ಆ ಗುರಿಹಲಗೆಯ ನಡುವಿನ ಚುಕ್ಕೆ ಬರಿಯ ಅರ್ಧ ಮಿಲಿಮೀಟರು. ಉಸಿರು ಹಿಡಿಯುವುದು, ಕುದುರೆಯನ್ನು ಮೆಲ್ಲನೆ ಒತ್ತುವುದು, ಪೆಟ್ಟಾದ ಮೇಲೂ ಕಣ್ಣು ಕದಲದಿರುವುದು, ಎಲ್ಲವೂ .22ರಲ್ಲಿದ್ದಂತೆಯೇ. ಪೆಲೆಟ್ ನಳಿಗೆಯೊಳಗೆ ನಿಧಾನವಾಗಿ ಸಾಗುವುದರಿಂದ ಕೈಯ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ನನ್ನ ಆಯ್ಕೆ ಇದೇ; .22 ಎನ್.ಸಿ.ಸಿ.ಯಲ್ಲಿರುವ ತನಕ ಅಲ್ಲಿ, ಆಮೇಲೆ ರೈಫಲ್ ಕ್ಲಬ್ಬಿನಲ್ಲಿ.

ಸೈನೈಡ್ ದಿಬ್ಬದ ಎದುರು ಡಬ್ಬಿ ಇಟ್ಟು ಹೊಡೆದರೆ ಮೋಜಲ್ಲವೆ ಎಂದು ಗೆಳೆಯನೊಬ್ಬ ಕೇಳಿದ. 2001ರಲ್ಲಿ ಗಣಿ ಮುಚ್ಚಿತೇ ಹೊರತು ದಿಬ್ಬದ ಸುತ್ತಲಿನ ಜನ ಎಲ್ಲಿಗೂ ಹೋಗಿಲ್ಲ. ಗುರಿ ತಪ್ಪಿದ .22 ಗುಂಡು ಒಂದೂವರೆ ಕಿಲೋಮೀಟರು ಹೋಗಬಲ್ಲದು. ಗಾಳಿಕೋವಿಗೂ ಹಿಂದೆ ಗೋಡೆ, ಮುಂದೆ ಮರಳಿನ ಪೆಟ್ಟಿಗೆ ಬೇಕು. ನಮ್ಮ ಮನೆಯ ಹಿತ್ತಲನ್ನು ಅಳೆದು ನೋಡಿದ್ದೇನೆ: ಒಗೆಯುವ ಕಲ್ಲಿನಿಂದ ಹಿಂಗೋಡೆಗೆ ಹತ್ತೂವರೆ ಮೀಟರು ಇದೆ.