ದಾರಿಯ ಮೇಲೆ ಮನೆ ಕಟ್ಟುವ ಮುನ್ನ



ಅರಿಶಿನಕುಂಟೆಯ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮನೆಗಳು ಏಳುತ್ತಿವೆ. ನಿಮ್ಮ ಹೊಲದ ನಡುವೆ, ಹಿಂದಿನ ಹೊಲದವರು ಗಾಡಿ ಹೊಡೆದುಕೊಂಡು ಹೋಗುವ ದಾರಿಯೊಂದು ಇದೆಯೆನ್ನಿ. ಪಹಣಿ ನಿಮ್ಮ ಹೆಸರಿನಲ್ಲಿದೆ, ಕಂದಾಯ ಕಟ್ಟುವವರೂ ನೀವೇ. ಮಗನಿಗೆ ಮನೆ ಕಟ್ಟಲು ಆ ದಾರಿಯ ಜಾಗವೂ ಬೇಕಾಗಿದೆ. ಲೈಸೆನ್ಸು ಸಿಕ್ಕಿದರೆ ಸಾಕೆ? ಸಾಲದು. ಲೈಸೆನ್ಸು ಎಂಬುದು ಕಟ್ಟಡಕ್ಕೆ ಕೊಡುವ ಒಪ್ಪಿಗೆ. ಹಿಂದಿನವರು ಓಡಾಡುವ ಹಕ್ಕನ್ನು ಅದು ಅಳಿಸಲಾರದು.

ಇಂಥ ಹಕ್ಕಿಗೆ 1882ರ ಕಾಯ್ದೆಯೊಂದು ಉಂಟು; ಕೋರ್ಟಿನಲ್ಲಿ ಇದನ್ನು ಈಸ್‌ಮೆಂಟ್ ಎನ್ನುತ್ತಾರೆ. ಒಬ್ಬರು 20 ವರ್ಷ ಎಡೆಬಿಡದೆ, ಎಲ್ಲರಿಗೂ ಕಾಣುವಂತೆ, ತಮ್ಮ ಹಕ್ಕೆಂದೇ ಆ ದಾರಿಯಲ್ಲಿ ನಡೆದಿದ್ದರೆ ಅದು ಅವರಿಗೆ ಸಲ್ಲುತ್ತದೆ. ನಿಮ್ಮನ್ನು ಕೇಳಿ, ನಿಮ್ಮ ಅಪ್ಪಣೆಯ ಮೇಲೆ ನಡೆದದ್ದಾದರೆ ಸಲ್ಲದು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಹಿಂದಿನ ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ 20 ವರ್ಷ ಕಾಯಬೇಕಾದದ್ದೂ ಇಲ್ಲ. ನೀರಿನ ಕಾಲುವೆಗೂ ಇದೇ ಮಾತು.

ಮೊದಲು ಗ್ರಾಮ ನಕಾಶೆಯನ್ನೂ ಸರ್ವೆ ಟಿಪ್ಪಣಿಯನ್ನೂ ತೆಗೆಸಿ ನೋಡಿ. ದಾರಿ ನಕಾಶೆಯಲ್ಲಿದ್ದರೆ, ಇಲ್ಲವೆ ಪಹಣಿಯಲ್ಲಿ ಆ ಜಾಗ ‘ಬಿ’ ಖರಾಬು ಎಂದಿದ್ದರೆ, ಅದು ಸಾರ್ವಜನಿಕರದ್ದು. ಪಕ್ಕದವರು ಸಹಿ ಹಾಕಿಕೊಟ್ಟರೂ ಕಟ್ಟುವಂತಿಲ್ಲ. ಹಳ್ಳ, ಕಾಲುವೆಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಊರಿನ ಹೆಸರಿನಲ್ಲೇ ಕುಂಟೆ ಇರುವಾಗ ನೀರು ಹರಿದುಬಂದ ದಾರಿಯೂ ಎಲ್ಲೋ ಇದ್ದೇ ಇರಬೇಕಲ್ಲ! 2016ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಯ ಮೇಲಿನ ಮನೆಗಳನ್ನು ಕೆಡವಿದಾಗ ಹಲವರ ಕೈಯಲ್ಲಿ ಮಂಜೂರಾದ ನಕ್ಷೆಯೂ ಖಾತೆಯೂ ಇದ್ದವು.

ದಾರಿ ನಿಮ್ಮಿಬ್ಬರ ನಡುವಿನದೇ ಆಗಿದ್ದರೆ ಉಪಾಯವುಂಟು. ಪಾಯ ತೋಡುವ ಮೊದಲೇ ಹಿಂದಿನ ಹೊಲದವರ ಮನೆಗೆ ಹೋಗಿ ಕುಳಿತು ಮಾತನಾಡಿ. “ಅಣ್ಣಾ, ನಿಮ್ಮ ದಾರಿ ಕಿತ್ತುಕೊಳ್ಳುವುದಿಲ್ಲ, ಬದುವಿನ ಪಕ್ಕಕ್ಕೆ ಸರಿಸುತ್ತೇನೆ” ಎಂದರೆ ಒಪ್ಪದವರು ಕಡಿಮೆ. ಟ್ರ್ಯಾಕ್ಟರು ತಿರುಗುವಷ್ಟು ಅಗಲ ಬಿಡಿ. ಎರಡು ಅಡಿ ಉಳಿಸಲು ಹೋಗಿ ಎರಡು ತಲೆಮಾರು ಕೋರ್ಟಿಗೆ ಅಲೆದವರಿದ್ದಾರೆ. ಒಪ್ಪಿದ್ದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಹಳೆಯ ದಾರಿಯ ಹಕ್ಕು ಬಿಟ್ಟದ್ದನ್ನೂ ಹೊಸ ದಾರಿ ಕೊಟ್ಟದ್ದನ್ನೂ ಅಡಿ ಲೆಕ್ಕದಲ್ಲಿ ಬರೆಸಿ, ಸರ್ವೆ ನಕ್ಷೆ ಲಗತ್ತಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಅವರ ಜಮೀನು ಜಂಟಿಯಾಗಿದ್ದರೆ ಪಾಲುದಾರರೆಲ್ಲರ ಸಹಿ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಮರೆಯಬೇಡಿ.

ಇದಾದ ಮೇಲೆ ಭೂಪರಿವರ್ತನೆ, ಅದರ ಹಿಂದೆ ಲೈಸೆನ್ಸಿನ ಅರ್ಜಿ. ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಆ ಇಲಾಖೆಯನ್ನೂ ಕೇಳಬೇಕು. ಅರ್ಜಿಯ ನಕ್ಷೆಯಲ್ಲಿ ಹೊಸ ದಾರಿಯನ್ನು ಮುಚ್ಚಿಡದೆ ತೋರಿಸಿ. ಹಳೆಯ ದಾರಿಗೆ ಕಲ್ಲು ಇಳಿಸುವ ಮುಂಚೆ ಹೊಸ ದಾರಿಯನ್ನು ತಟ್ಟುಮಾಡಿ, ಮೊದಲ ಗಾಡಿಯನ್ನು ಅವರಿಂದಲೇ ಹೊಡೆಸಿ.